ಎಣ್ಣೆಗೂ ಬೇಡ, ನೀರಿಗೂ ಬೇಡ: ಗಡಿಯಲ್ಲಿ ನೆಲೆ ಕಂಡ ಗ್ರಾಫೀನ್

ಮೊಸರನ್ನು ಕಡೆದರೆ ಬೆಣ್ಣೆ ಬರುತ್ತದೆ. ಇದು ಅಡುಗೆಮನೆಯ ಅತ್ಯಂತ ಹಳೆಯ ರಸಾಯನ ಪ್ರಯೋಗಗಳಲ್ಲೊಂದು. ಹಾಲಿನಲ್ಲಿರುವ ಕೊಬ್ಬು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ನೀರಿನಲ್ಲಿ ಹರಡಿಕೊಂಡಿರುತ್ತದೆ. ಪ್ರತಿಯೊಂದು ಹನಿಯ ಸುತ್ತಲೂ ಒಂದು ತೆಳುವಾದ ಪೊರೆ ಇದೆ. ಆ ಪೊರೆ ಇರುವ ತನಕ ಹನಿಗಳು ಒಂದಕ್ಕೊಂದು ತಾಗಿದರೂ ಕೂಡಿಕೊಳ್ಳುವುದಿಲ್ಲ. ಕಡೆಗೋಲು ಪೊರೆಯನ್ನು ಹರಿದಾಗ ಹನಿಗಳು ಒಂದಾಗಿ ಮುದ್ದೆಗಟ್ಟಿ ಮೇಲೆ ತೇಲುತ್ತವೆ; ಉಳಿದದ್ದು ಮಜ್ಜಿಗೆ.

ಬೆರೆಯಲೊಲ್ಲದ ಎರಡು ದ್ರವಗಳಲ್ಲಿ ಒಂದು ಇನ್ನೊಂದರೊಳಗೆ ಹನಿಹನಿಯಾಗಿ ನಿಂತಿರುವ ಇಂತಹ ಮಿಶ್ರಣಕ್ಕೆ ವಿಜ್ಞಾನಿಗಳು ಎಮಲ್ಷನ್ ಎನ್ನುತ್ತಾರೆ. ಹಾಲು ಮಾತ್ರವಲ್ಲ, ಮುಖಕ್ಕೆ ಹಚ್ಚುವ ಕ್ರೀಮು, ಐಸ್‌ಕ್ರೀಮು, ಹಲವು ಕೀಟನಾಶಕಗಳು ಎಲ್ಲವೂ ಇದೇ ಕುಲಕ್ಕೆ ಸೇರಿದವು. ಇವುಗಳ ಆಯುಷ್ಯವೆಲ್ಲ ಹನಿಯ ಸುತ್ತಲಿನ ಪೊರೆಯನ್ನು ಅವಲಂಬಿಸಿದೆ. ಸಾಮಾನ್ಯವಾಗಿ ಆ ಪೊರೆಯನ್ನು ಸಾಬೂನಿನಂಥ ಅಣುಗಳಿಂದ ಕಟ್ಟುತ್ತಾರೆ. ಒಂದು ತುದಿಗೆ ನೀರು ಪ್ರಿಯ, ಇನ್ನೊಂದು ತುದಿಗೆ ಎಣ್ಣೆ ಪ್ರಿಯವಾದ ಈ ಅಣುಗಳಿಗೆ ಸರ್ಫ್ಯಾಕ್ಟೆಂಟ್ ಎಂದು ಹೆಸರು.

ಈ ಕೆಲಸಕ್ಕೆ ಸಾಬೂನಿನ ಬದಲು ಒಂದೇ ಒಂದು ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯನ್ನು, ಅಂದರೆ ಗ್ರಾಫೀನ್ ಅನ್ನು ಬಳಸಿದರೆ? ಹನಿಯ ಸುತ್ತ ಗ್ರಾಫೀನ್ ಕವಚ ಕಟ್ಟಿ, ಅದನ್ನು ಗಟ್ಟಿಗೊಳಿಸಿ, ಬಳಿಕ ಒಳಗಿನ ದ್ರವವನ್ನು ಆವಿಯಾಗಿಸಿಬಿಟ್ಟರೆ? ಉಳಿಯುವುದು ಒಳಗೆ ಬರಿದಾದ, ಧೂಳಿನ ಕಣದಷ್ಟು ಸಣ್ಣ ಗೋಲಗಳು. ಕಳೆದ ಒಂದೂವರೆ ದಶಕದಲ್ಲಿ ಹಲವು ದೇಶಗಳ ಪ್ರಯೋಗಾಲಯಗಳಲ್ಲಿ ಇವು ತಯಾರಾಗಿವೆ. ಈ ಸಾಧನೆಗೆ ಕಾರಣವಾದದ್ದು ಗ್ರಾಫೀನ್‌ನ ಗುಣವಲ್ಲ, ದೋಷ ಎಂಬುದೇ ಇಲ್ಲಿನ ಸ್ವಾರಸ್ಯ.

ತೋಟದಲ್ಲಿ ಹುಟ್ಟಿದ ವಿದ್ಯೆ

ಸಾಬೂನಿಲ್ಲದೆ ಎಮಲ್ಷನ್ ಕಟ್ಟುವ ವಿದ್ಯೆ ಹೊಸತೇನಲ್ಲ. 1903ರಲ್ಲಿ ಆಕ್ಸ್‌ಫರ್ಡ್‌ನ ವಾಲ್ಟರ್ ರ್‍ಯಾಮ್ಸ್‌ಡೆನ್ ಎಂಬವರು ಘನ ಕಣಗಳು ದ್ರವದ ಮೇಲ್ಮೈಯಲ್ಲಿ ಸೇರಿಕೊಂಡು ಪೊರೆಯಂತೆ ನಿಲ್ಲುವುದನ್ನು ವರದಿ ಮಾಡಿದರು. ನಾಲ್ಕು ವರ್ಷಗಳ ನಂತರ, 1907ರಲ್ಲಿ, ಸ್ಪೆನ್ಸರ್ ಪಿಕರಿಂಗ್ ಇದನ್ನೇ ವಿಸ್ತಾರವಾಗಿ ವಿವರಿಸಿದರು. ಮೊದಲು ಕಂಡವರು ರ್‍ಯಾಮ್ಸ್‌ಡೆನ್ ಆದರೂ ಹೆಸರು ದಕ್ಕಿದ್ದು ಪಿಕರಿಂಗ್ ಅವರಿಗೆ. ಕಣಗಳಿಂದ ಕಟ್ಟಿದ ಎಮಲ್ಷನ್‌ಗಳನ್ನು ಇಂದಿಗೂ ಪಿಕರಿಂಗ್ ಎಮಲ್ಷನ್ ಎಂದೇ ಕರೆಯುತ್ತಾರೆ.

ಪಿಕರಿಂಗ್ ರಸಾಯನಶಾಸ್ತ್ರಜ್ಞರಾಗಿದ್ದರೂ ಅವರ ಕಾರ್ಯಕ್ಷೇತ್ರ ಇಂಗ್ಲೆಂಡಿನ ವೋಬರ್ನ್ ಪ್ರಾಯೋಗಿಕ ಹಣ್ಣಿನ ತೋಟ. ಮರಗಳಿಗೆ ಹತ್ತುವ ಕೀಟಗಳನ್ನು ಕೊಲ್ಲಲು ಸೀಮೆಎಣ್ಣೆ ಸಿಂಪಡಿಸಬೇಕಿತ್ತು. ಬರೀ ಸೀಮೆಎಣ್ಣೆ ಹೊಡೆದರೆ ಗಿಡಕ್ಕೇ ಕೇಡು. ನೀರಿನೊಡನೆ ಅದು ಬೆರೆಯದು. ಮೈಲುತುತ್ತದ ದ್ರಾವಣಕ್ಕೆ ಸುಣ್ಣ ಸೇರಿಸಿದಾಗ ಒಡೆದು ನಿಲ್ಲುವ, ನೀರಿನಲ್ಲಿ ಕರಗದ ಅತಿ ಸೂಕ್ಷ್ಮ ಕಣಗಳು ಎಣ್ಣೆಯ ಹನಿಗಳ ಸುತ್ತ ಸೇರಿಕೊಂಡು ಅವನ್ನು ಬಿಡಿಬಿಡಿಯಾಗಿ ಇರಿಸುತ್ತವೆ ಎಂಬುದು ಅವರ ಗಮನಕ್ಕೆ ಬಂತು.

ಮೈಲುತುತ್ತ ಮತ್ತು ಸುಣ್ಣದ ಈ ಜೋಡಿ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಚಿರಪರಿಚಿತ. ಅದೇ ಬೋರ್ಡೋ ದ್ರಾವಣ. ಪಿಕರಿಂಗ್ ತಮ್ಮ ಪ್ರಬಂಧ ಪ್ರಕಟಿಸಿದ ಕೆಲವೇ ವರ್ಷಗಳಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಇದನ್ನು ಸಿಂಪಡಿಸುವಂತೆ ಸಲಹೆ ನೀಡಿದರು. ಇಂದಿಗೂ ಮಳೆಗಾಲಕ್ಕೆ ಮುನ್ನ ತೋಟಗಳಲ್ಲಿ ಇದರ ತಯಾರಿ ನಡೆಯುತ್ತದೆ. ಕೊಳೆರೋಗಕ್ಕೆ ಹೊಡೆಯುವ ದ್ರಾವಣದಲ್ಲಿ ಎಣ್ಣೆ ಇಲ್ಲದ ಕಾರಣ ಅದು ಎಮಲ್ಷನ್ ಅಲ್ಲ, ನಿಜ. ಆದರೆ ಪಿಕರಿಂಗ್ ಎಣ್ಣೆಯ ಹನಿಗೆ ಹೊದಿಸಿದ್ದು ಅದೇ ತಾಮ್ರದ ಕಣಗಳನ್ನು.

ಕಣಗಳು ಗಡಿಯನ್ನು ಏಕೆ ಬಿಟ್ಟು ಹೋಗುವುದಿಲ್ಲ? ಎಣ್ಣೆ ಮತ್ತು ನೀರು ಸಂಧಿಸುವ ಪ್ರತಿಯೊಂದು ಚದರ ಅಂಗುಲಕ್ಕೂ ಪ್ರಕೃತಿ ಶಕ್ತಿಯ ಬೆಲೆ ತೆರಬೇಕು. ಒಂದು ಕಣ ಗಡಿಯಲ್ಲಿ ಬಂದು ಕೂತರೆ ಅಷ್ಟು ಜಾಗದಲ್ಲಿ ಎಣ್ಣೆ ಮತ್ತು ನೀರಿನ ನೇರ ಸಂಪರ್ಕ ತಪ್ಪಿ ಬೆಲೆ ಇಳಿಯುತ್ತದೆ. ಕಣವನ್ನು ಕಿತ್ತರೆ ತೂತು ಮತ್ತೆ ತೆರೆದುಕೊಳ್ಳುತ್ತದೆ, ಉಳಿಸಿದ ಶಕ್ತಿಯನ್ನೆಲ್ಲ ಹಿಂದಿರುಗಿಸಬೇಕಾಗುತ್ತದೆ. ಸಾಬೂನಿನ ಅಣು ಬಲು ಚಿಕ್ಕದು. ಶಾಖದ ಸಹಜ ಕುಲುಕಾಟಕ್ಕೇ ಅದು ಗಡಿಯಿಂದ ಕಳಚಿಕೊಳ್ಳುತ್ತದೆ, ಮತ್ತೆ ಬಂದು ಸೇರುತ್ತದೆ. ಆದರೆ ಕೇವಲ 10 ನ್ಯಾನೋಮೀಟರ್ ತ್ರಿಜ್ಯದ ಗುಂಡು ಕಣವೊಂದು ಎಣ್ಣೆ ಮತ್ತು ನೀರಿಗೆ ಸಮನಾಗಿ ಮೈಯೊಡ್ಡಿ ಕೂತಿದ್ದರೆ, ಅದನ್ನು ಕೀಳಲು ಆ ಕುಲುಕಾಟದ ಶಕ್ತಿಗಿಂತ ಸುಮಾರು 4,000 ಪಟ್ಟು ಹೆಚ್ಚು ಬೇಕು. ಒಂದು ಮೈಕ್ರಾನ್ ಅಗಲದ ಹಾಳೆಯಾದರೆ ಲೆಕ್ಕ ಲಕ್ಷಾಂತರ ಪಟ್ಟಿಗೆ ಏರುತ್ತದೆ. ಒಮ್ಮೆ ಕೂತದ್ದು ಕೂತಂತೆಯೇ.

ಒಂದು ಗ್ರಾಂ, 26 ಗುಂಟೆ

ಪೆನ್ಸಿಲ್‌ನೊಳಗಿನ ಕಪ್ಪು ಕಡ್ಡಿಯ ಮುಖ್ಯ ವಸ್ತು ಗ್ರಾಫೈಟ್. ಇಂಗಾಲದ ಪರಮಾಣುಗಳು ಜೇನುಗೂಡಿನ ವಿನ್ಯಾಸದಲ್ಲಿ ಹೆಣೆದುಕೊಂಡ ಹಾಳೆಗಳು ಒಂದರ ಮೇಲೊಂದು ಅಡಕವಾಗಿರುವ ಕಟ್ಟು ಅದು. ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಸುಮಾರು 30 ಲಕ್ಷ ಹಾಳೆಗಳಿರುತ್ತವೆ. ಆ ಕಟ್ಟಿನಿಂದ ಬಿಡಿಸಿದ ಒಂದು ಹಾಳೆಯೇ ಗ್ರಾಫೀನ್. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೀಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟಿನ ಪದರಗಳನ್ನು ಎಬ್ಬಿಸಿ ಈ ಹಾಳೆಯನ್ನು ಪ್ರತ್ಯೇಕಿಸಿ ಅದರ ಗುಣಗಳನ್ನು 2004ರಲ್ಲಿ ಪ್ರಕಟಿಸಿದರು. 2010ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು.

ಉಕ್ಕಿಗಿಂತ ಬಲ, ತಾಮ್ರಕ್ಕಿಂತ ಉತ್ತಮ ವಾಹಕ ಎಂಬೆಲ್ಲ ಬಿರುದುಗಳು ಆಗ ಗ್ರಾಫೀನ್‌ಗೆ ಸಂದವು. ಐರೋಪ್ಯ ಒಕ್ಕೂಟ 2013ರಲ್ಲಿ ಹತ್ತು ವರ್ಷಗಳ ಅವಧಿಗೆ ನೂರು ಕೋಟಿ ಯೂರೋಗಳ ಬೃಹತ್ ಯೋಜನೆಯನ್ನೇ ಆರಂಭಿಸಿತು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಈ ಓಟದಲ್ಲಿ ಮೊದಲಿಂದ ಇತ್ತು. ಹೈಡ್ರೋಜನ್ ತುಂಬಿದ ಪಾತ್ರೆಯಲ್ಲಿ ಗ್ರಾಫೈಟ್ ಕಡ್ಡಿಗಳ ನಡುವೆ ವಿದ್ಯುತ್ ಜ್ವಾಲೆ ಎಬ್ಬಿಸಿ ಗ್ರಾಫೀನ್ ಪಡೆಯುವ ವಿಧಾನವನ್ನು 2009ರಲ್ಲಿ ಅದು ಪ್ರಕಟಿಸಿತ್ತು.

ಒಂದು ಗ್ರಾಂ ಗ್ರಾಫೀನ್‌ನ ಎಲ್ಲ ಹಾಳೆಗಳನ್ನೂ ಬಿಡಿಸಿ ಹಾಸಿ, ಎರಡೂ ಮೈಗಳನ್ನು ಲೆಕ್ಕಕ್ಕೆ ಹಿಡಿದರೆ ಸಿಗುವ ವಿಸ್ತಾರ 2,630 ಚದರ ಮೀಟರ್. ನಮ್ಮ ಲೆಕ್ಕದಲ್ಲಿ 26 ಗುಂಟೆ. ಆದರೆ ಹಾಸುವುದೇ ಕಷ್ಟ. ಬಿಡಿಸಿದ ಹಾಳೆಗಳು ಅವಕಾಶ ಸಿಕ್ಕ ಕೂಡಲೇ ಮತ್ತೆ ಒಂದಕ್ಕೊಂದು ಅಂಟಿಕೊಂಡು ಗ್ರಾಫೈಟ್‌ನಂತಹ ಗಂಟಾಗಿಬಿಡುತ್ತವೆ. ನೀರಿಗೆ ಹಾಕಿದರೆ ಹರಡುವುದಿಲ್ಲ. ಹೆಪ್ಟೇನ್‌ನಂತಹ ಎಣ್ಣೆಗೆ ಹಾಕಿದರೂ ಅದೇ ಪಾಡು. ಪ್ಲಾಸ್ಟಿಕ್ಕಿಗೆ ಬೆರೆಸಹೋದರೆ ಗಂಟುಗಳು ಒಂದು ಕಡೆ, ಪ್ಲಾಸ್ಟಿಕ್ ಇನ್ನೊಂದು ಕಡೆ. ಪ್ರಯೋಗಾಲಯದ ಬಿರುದುಗಳಲ್ಲಿ ಬಹುಪಾಲು ಕಾರ್ಖಾನೆಯ ಬಾಗಿಲ ಬಳಿ ಬಿದ್ದುಹೋದದ್ದು ಈ ಒಂದು ಕಾರಣದಿಂದ.

ಇದಕ್ಕೆ ಕಂಡುಕೊಂಡ ಹಳೆಯ ಉಪಾಯ ಆಮ್ಲ. ಬ್ರಿಟನ್ನಿನ ಬೆಂಜಮಿನ್ ಬ್ರೋಡಿ 1859ರಲ್ಲೇ ಗ್ರಾಫೈಟನ್ನು ಉತ್ಕರ್ಷಣಗೊಳಿಸಿದ್ದರು. 1958ರಲ್ಲಿ ಹಮ್ಮರ್ಸ್ ಮತ್ತು ಆಫ್‌ಮನ್ ರೂಪಿಸಿದ ವಿಧಾನದಲ್ಲಿ ಗಂಧಕಾಮ್ಲ, ಸೋಡಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಕೆಯಾಗುತ್ತವೆ. ಆಮ್ಲಜನಕದ ಗುಂಪುಗಳು ಹಾಳೆಗೆ ಮೆತ್ತಿಕೊಂಡು ಅದು ಗ್ರಾಫೀನ್ ಆಕ್ಸೈಡ್ ಆಗುತ್ತದೆ. ನೀರಿನಲ್ಲಿ ಸಲೀಸಾಗಿ ಹರಡುತ್ತದೆ. ತೆರಬೇಕಾದ ಬೆಲೆಯೂ ಚಿಕ್ಕದಲ್ಲ. ಕೆಲಸ ನಡೆಯುವಾಗ ವಿಷಾನಿಲ ಹೊಮ್ಮುತ್ತದೆ, ಉಷ್ಣತೆ ಹದ ತಪ್ಪಿದರೆ ಸ್ಫೋಟದ ಭಯ, ಕೊನೆಗೆ ಆಮ್ಲದ ತ್ಯಾಜ್ಯ. ಎಲ್ಲಕ್ಕಿಂತ ಮುಖ್ಯವಾಗಿ ಹಾಳೆಯ ಹೆಣಿಗೆಯೇ ಅಲ್ಲಲ್ಲಿ ಹರಿದು ವಿದ್ಯುತ್ ಹರಿಯುವ ಗುಣ ನಷ್ಟವಾಗುತ್ತದೆ. ನಂತರ ಬೇರೆ ರಾಸಾಯನಿಕಗಳಿಂದ ಆಮ್ಲಜನಕವನ್ನು ಕಿತ್ತರೂ ಹರಿದ ಹೆಣಿಗೆ ಪೂರ್ತಿ ಕೂಡುವುದಿಲ್ಲ.

ಇನ್ನೊಂದು ಉಪಾಯ ಸಾಬೂನು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ತಂಡ 2014ರಲ್ಲಿ ಗ್ರಾಫೈಟ್ ಪುಡಿ, ನೀರು ಮತ್ತು ಪಾತ್ರೆ ತೊಳೆಯುವ ದ್ರವವನ್ನು ಅಡುಗೆಮನೆಯ ಮಿಕ್ಸಿಗೆ ಹಾಕಿ ತಿರುಗಿಸಿಯೇ ಗ್ರಾಫೀನ್ ಪಡೆಯಬಹುದೆಂದು ತೋರಿಸಿ ಸುದ್ದಿಯಾಯಿತು. ಹಾಳೆ ಇಲ್ಲಿ ಹರಿಯುವುದಿಲ್ಲ. ಆದರೆ ಅದಕ್ಕೆ ಅಂಟಿದ ಸಾಬೂನನ್ನು ಆಮೇಲೆ ತೊಳೆದು ತೆಗೆಯುವುದು ದೊಡ್ಡ ರಗಳೆ. ತೆಗೆಯದಿದ್ದರೆ ಹಾಳೆ ಹಾಳೆಗಳ ನಡುವೆ ವಿದ್ಯುತ್ ಹರಿಯಲು ಅದೇ ಅಡ್ಡಿ.

ಸೋಡಾ ನೀರಿನ ಸಾಕ್ಷಿ

ಎಮಲ್ಷನ್‌ನತ್ತ ಮೊದಲ ಹೆಜ್ಜೆ ಬಂದದ್ದು ಆಮ್ಲದ ದಾರಿಯಿಂದಲೇ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಿಯಾಶಿಂಗ್ ಹುವಾಂಗ್ ಮತ್ತು ಸಂಗಡಿಗರು 2010ರಲ್ಲಿ ಒಂದು ಸರಳ ಪ್ರಶ್ನೆ ಎತ್ತಿದರು. ಗ್ರಾಫೀನ್ ಆಕ್ಸೈಡ್ ಹಾಳೆಯ ಅಂಚುಗಳಲ್ಲಿ ನೀರನ್ನು ಬಯಸುವ ಆಮ್ಲದ ಗುಂಪುಗಳಿವೆ. ನಡುಭಾಗದಲ್ಲಿ ನೀರನ್ನು ಒಲ್ಲದ ಇಂಗಾಲದ ತೇಪೆಗಳಿವೆ. ಅಂದಮೇಲೆ ಅದು ಹಾಳೆಯ ರೂಪದ ಸಾಬೂನಲ್ಲವೇ?

ಇದನ್ನು ಪರೀಕ್ಷಿಸಲು ಅವರು ಅನುಸರಿಸಿದ ಮಾರ್ಗ ನಮ್ಮ ಗೋಲಿಸೋಡಾವನ್ನು ನೆನಪಿಸುತ್ತದೆ. ಸೋಡಾ ನೀರಿನಲ್ಲಿ ಗ್ರಾಫೀನ್ ಆಕ್ಸೈಡ್ ಬೆರೆಸಿದಾಗ, ಮೇಲೇಳುವ ಇಂಗಾಲದ ಡೈ ಆಕ್ಸೈಡ್ ಗುಳ್ಳೆಗಳು ಹಾಳೆಗಳನ್ನು ತಮ್ಮ ಮೈಗೆ ಅಂಟಿಸಿಕೊಂಡು ಮೇಲ್ಮೈಗೆ ಹೊತ್ತು ತಂದವು. ನೀರಿನೊಳಗೆ ನೆಮ್ಮದಿಯಾಗಿ ಇರಬೇಕಿದ್ದ ಹಾಳೆ ಗಾಳಿ ಮತ್ತು ನೀರಿನ ಗಡಿಯನ್ನು ಆರಿಸಿಕೊಂಡಿತ್ತು. ಎಣ್ಣೆ ಮತ್ತು ನೀರನ್ನು ಕುಲುಕಿದಾಗಲೂ ಅದೇ ಹಾಳೆಗಳು ಹನಿಗಳನ್ನು ಸುತ್ತುವರಿದವು. ನೀರಿನ ಆಮ್ಲೀಯತೆಯನ್ನು ಬದಲಿಸಿದರೆ ಈ ಒಲವೂ ಬದಲಾಗುತ್ತಿತ್ತು.

ಅದೇ ವರ್ಷ ಚೀನಾದ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಗ್ರಾಫೀನ್ ಆಕ್ಸೈಡ್ ಇರುವ ನೀರನ್ನು ಎಣ್ಣೆಯಲ್ಲಿ ಹನಿಗಳಾಗಿಸಿದರು, ಬೇರಾವ ಸರ್ಫ್ಯಾಕ್ಟೆಂಟನ್ನೂ ಸೇರಿಸಲಿಲ್ಲ. ನೀರು ನಿಧಾನವಾಗಿ ಆರಿಹೋದಂತೆ ಗಡಿಯಲ್ಲಿ ಸೇರಿದ್ದ ಹಾಳೆಗಳು ಒಂದರ ಮೇಲೊಂದು ಬಿಗಿದುಕೊಂಡು ಟೊಳ್ಳು ಗೋಲಗಳಾದವು. ಅವುಗಳನ್ನು ಲಿಥಿಯಂ ಬ್ಯಾಟರಿಯ ವಿದ್ಯುದ್ವಾರದಲ್ಲಿ ಬಳಸಿ ನೋಡಿದ್ದೂ ಆಯಿತು. ಹಾದಿ ತೆರೆಯಿತು, ನಿಜ. ಆದರೆ ಗೋಲದ ಗೋಡೆ ಹರಿದ ಹೆಣಿಗೆಯ ಆಕ್ಸೈಡಿನದು. ಅದನ್ನು ಮತ್ತೆ ಗ್ರಾಫೀನ್‌ನತ್ತ ತರುವ ಕೆಲಸ ಉಳಿದೇ ಇತ್ತು.

ಆಮ್ಲವಿಲ್ಲದ ದಾರಿ

ಕನೆಕ್ಟಿಕಟ್ ವಿಶ್ವವಿದ್ಯಾಲಯದ ಡಗ್ಲಸ್ ಆಡಮ್ಸನ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಸಂಶೋಧನೆಯ ಮಹತ್ವ ಇರುವುದು ಇಲ್ಲಿ. ಅವರು ಗ್ರಾಫೈಟನ್ನು ಉತ್ಕರ್ಷಣಗೊಳಿಸಲಿಲ್ಲ, ಸಾಬೂನನ್ನೂ ಬೆರೆಸಲಿಲ್ಲ. ಒಂದು ಗಾಜಿನ ಪಾತ್ರೆಯಲ್ಲಿ ಹೆಪ್ಟೇನ್ ಮತ್ತು ನೀರು. ಅದರಲ್ಲಿ ಸಹಜ ಗ್ರಾಫೈಟ್. ಶಬ್ದಾತೀತ ತರಂಗಗಳಿಂದ ಅದನ್ನು ಕದಡಿದಾಗ ಗ್ರಾಫೈಟಿನ ಕಟ್ಟು ಬಿಚ್ಚಿಕೊಂಡು ಹಾಳೆಗಳು ಎರಡು ದ್ರವಗಳ ಗಡಿಯುದ್ದಕ್ಕೂ ತಾವಾಗಿಯೇ ಹರಡಿದವು. ಗಾಜಿನ ಗೋಡೆಯ ಮೇಲೆ ನೀರಿನ ತೆಳು ಪದರ ಇದ್ದೆಡೆ ಹಾಳೆಗಳ ಪೊರೆ ಅದರ ಜೊತೆಗೆ ಗೋಡೆಯನ್ನೇ ಹತ್ತತೊಡಗಿತು. ಹಾಗೆ ದೊರೆತದ್ದು ಕೆಲವೇ ಪದರಗಳ ದಪ್ಪದ, ಆಚೆಯದು ಕಾಣುವಷ್ಟು ತೆಳುವಾದ, ವಿದ್ಯುತ್ ಹರಿಯುವ ಪೊರೆ.

ಇದು ಹೇಗೆ ಸಾಧ್ಯವಾಯಿತು? ನೀರಿನ ಮೇಲ್ಮೈ ಸೆಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್, ಹೆಪ್ಟೇನ್‌ನದು ಸುಮಾರು 20. ಗ್ರಾಫೈಟಿನ ಮೇಲ್ಮೈ ಶಕ್ತಿ ಇವೆರಡರ ನಡುವೆ ಎಲ್ಲೋ ಬರುತ್ತದೆ. ಆದುದರಿಂದಲೇ ಅದು ಎರಡರಲ್ಲಿ ಯಾವುದರೊಳಗೂ ಹರಡಲಾರದು. ಆದರೆ ಎರಡರ ನಡುವಿನ ಗಡಿ ಅದಕ್ಕೆ ಹೇಳಿ ಮಾಡಿಸಿದ ಜಾಗ: ಒಂದು ಮೈ ನೀರಿಗೆ, ಇನ್ನೊಂದು ಮೈ ಎಣ್ಣೆಗೆ. ಅಲ್ಲಿ ಹಾಸಿಕೊಂಡಷ್ಟೂ ವ್ಯವಸ್ಥೆಯ ಒಟ್ಟು ಶಕ್ತಿ ಇಳಿಯುತ್ತದೆ. ಕಟ್ಟಿನಿಂದ ಇನ್ನೊಂದು ಹಾಳೆ ಜಾರಿ ಗಡಿಗೆ ಬಂದರೆ ಮತ್ತಷ್ಟು ಇಳಿಕೆ. ಹೀಗೆ ಹಾಳೆಗಳನ್ನು ಬಿಡಿಸುವ ಕೆಲಸದ ಒಂದು ಪಾಲನ್ನು ಗಡಿಯೇ ವಹಿಸಿಕೊಳ್ಳುತ್ತದೆ. ತಂಡದ ಆಂದ್ರೆ ಡೊಬ್ರಿನಿನ್ ಮತ್ತಿತರರು ನಡೆಸಿದ ಕಂಪ್ಯೂಟರ್ ಲೆಕ್ಕಾಚಾರವೂ ಇದಕ್ಕೆ ಪುಷ್ಟಿ ನೀಡಿತು.

ಸಮತಟ್ಟಾದ ಗಡಿಯಲ್ಲಿ ನಡೆದದ್ದು ಹನಿಯ ಸುತ್ತ ಏಕೆ ನಡೆಯಬಾರದು? ಪಾತ್ರೆಯನ್ನು ಜೋರಾಗಿ ಕುಲುಕಿದರೆ ಗಡಿ ಚೂರುಚೂರಾಗಿ ಅಸಂಖ್ಯ ಹನಿಗಳ ಮೈಯಾಗುತ್ತದೆ. ಒಂದು ಲೀಟರ್ ದ್ರವವನ್ನು ಮಿಲಿಮೀಟರಿನ ಹತ್ತನೇ ಒಂದರಷ್ಟು ವ್ಯಾಸದ ಹನಿಗಳಾಗಿ ಒಡೆದರೆ ಸುಮಾರು 190 ಕೋಟಿ ಹನಿಗಳಾಗುತ್ತವೆ. ಅವುಗಳ ಒಟ್ಟು ಮೇಲ್ಮೈ 60 ಚದರ ಮೀಟರ್. ನಗರವಾಸಿಗಳ ಭಾಷೆಯಲ್ಲಿ 20x30 ನಿವೇಶನಕ್ಕಿಂತ ತುಸು ಹೆಚ್ಚು. ಅಷ್ಟನ್ನೂ ಒಂದೇ ಪದರದ ಗ್ರಾಫೀನ್‌ನಿಂದ ಮುಚ್ಚಲು ಲೆಕ್ಕದ ಪ್ರಕಾರ ಒಂದು ಗ್ರಾಮಿನ ಇಪ್ಪತ್ತನೇ ಒಂದು ಭಾಗವೂ ಬೇಡ. ವಾಸ್ತವದಲ್ಲಿ ಹಾಳೆಗಳು ಒಂದರ ಮೇಲೊಂದು ಚಾಚಿಕೊಳ್ಳುತ್ತವೆ, ಕೆಲವೆಡೆ ಮೂರು ನಾಲ್ಕು ಪದರಗಳಿರುತ್ತವೆ. ಹಾಗಾಗಿ ಹಲವು ಪಟ್ಟು ಹೆಚ್ಚು ಬೇಕಾಗುತ್ತದೆ. ಆದರೂ ವಸ್ತುವಿನ ಮಿತವ್ಯಯ ಗಮನಾರ್ಹ.

ಹನಿ ಹೋಗಿ ಗೋಲ ಉಳಿದಾಗ

ಶುದ್ಧ ಗ್ರಾಫೀನ್ ನೀರಿಗಿಂತ ಎಣ್ಣೆಯತ್ತ ತುಸು ವಾಲುವುದರಿಂದ ಸಾಮಾನ್ಯವಾಗಿ ನೀರೇ ಹನಿಗಳಾಗಿ ಎಣ್ಣೆಯೊಳಗೆ ನಿಲ್ಲುತ್ತದೆ. ಈ ಎಣ್ಣೆಯ ಜಾಗದಲ್ಲಿ ಸ್ಟೈರೀನ್‌ನಂತಹ ದ್ರವವನ್ನು ಬಳಸಿದರೆ, ಬಿಸಿ ಮಾಡಿದಾಗ ಅದರ ಅಣುಗಳು ಸರಪಳಿಯಂತೆ ಕೂಡಿಕೊಂಡು ಗಟ್ಟಿಯಾದ ಪಾಲಿಸ್ಟೈರೀನ್ ಆಗುತ್ತದೆ. ಒಳಗಿನ ನೀರು ಆರಿಹೋದ ಮೇಲೆ ಉಳಿಯುವುದು ಬ್ರೆಡ್ಡಿನಂತೆ ಗೂಡುಗೂಡಾದ ಹಗುರ ನೊರೆವಸ್ತು. ಪ್ರತಿ ಗೂಡಿನ ಒಳಗೋಡೆಗೂ ಗ್ರಾಫೀನ್ ಲೇಪ.

ಪ್ಲಾಸ್ಟಿಕ್ಕಿಗೆ ವಾಹಕ ಪುಡಿಯನ್ನು ಸುಮ್ಮನೆ ಬೆರೆಸಿದರೆ ಕಣಕ್ಕೆ ಕಣ ತಾಗಿ ವಿದ್ಯುತ್ತಿಗೆ ದಾರಿ ಸಿಗಬೇಕಾದರೆ ಪುಡಿಯನ್ನು ಧಾರಾಳವಾಗಿ ಸುರಿಯಬೇಕು. ಇಲ್ಲಿ ಗ್ರಾಫೀನ್ ಗೋಡೆಗಳ ಮೇಲೆ ಮಾತ್ರ, ಅದೂ ಒಂದಕ್ಕೊಂದು ತಾಗಿದಂತೆಯೇ ಇರುವುದರಿಂದ ಸ್ವಲ್ಪದರಲ್ಲೇ ದಾರಿ ಸಿದ್ಧ. ಪಾಲಿಸ್ಟೈರೀನ್ ವಿದ್ಯುತ್ ನಿರೋಧಕ. ಆದರೆ ಈ ನೊರೆವಸ್ತುವಿನಲ್ಲಿ ವಿದ್ಯುತ್ ಹರಿಯುತ್ತದೆ. ಆಡಮ್ಸನ್ ತಂಡ ಇದನ್ನು 2015ರಲ್ಲಿ ವರದಿ ಮಾಡಿತು.

ಬಿಡಿ ಗೋಲಗಳು ಬೇಕಾದರೆ ವ್ಯವಸ್ಥೆಯನ್ನು ತಿರುವುಮುರುವು ಮಾಡಬೇಕು. ನೀರಿನ ಪ್ರಮಾಣ ಬಹಳ ಹೆಚ್ಚಿದ್ದು ಎಣ್ಣೆ ಕಡಿಮೆ ಇದ್ದಾಗ ಎಣ್ಣೆಯೇ ಹನಿಗಳಾಗುವಂತೆ ಮಾಡಬಹುದು. ಹನಿಯೊಳಗಿನ ಎಣ್ಣೆಯಲ್ಲಿ ಪಾಲಿಮರ್ ಆಗಬಲ್ಲ ಅಣುಗಳನ್ನು ಮೊದಲೇ ಸ್ವಲ್ಪ ಕರಗಿಸಿರುತ್ತಾರೆ. ಬಿಸಿ ತಾಗಿದಾಗ ಪಾಲಿಮರ್ ಹುಟ್ಟಿ, ಎಣ್ಣೆಯಲ್ಲಿ ಕರಗದೆ ಬೇರ್ಪಟ್ಟು, ಗಡಿಯಲ್ಲಿರುವ ಗ್ರಾಫೀನ್‌ಗೆ ಒಳಗಿನಿಂದ ಅಸ್ತರಿಯಂತೆ ಕೂರುತ್ತದೆ. ಹಾಳೆಗಳನ್ನು ಹಿಡಿದಿಡುವ ಗಾರೆ ಅದು. ಬಳಿಕ ಸೋಸಿ ಒಣಗಿಸಿದರೆ ಎಣ್ಣೆ ಗೋಡೆಯ ಸಂದಿಗಳಿಂದ ಆವಿಯಾಗಿ ಹೊರಟುಹೋಗುತ್ತದೆ. ಗೋಲ ಉಳಿಯುತ್ತದೆ. ಪಾಲಿಮರ್ ಕಡಿಮೆಯಾದರೆ ಒಣಗುವಾಗ ಗೋಲ ಗಾಳಿ ಹೋದ ಚೆಂಡಿನಂತೆ ಕುಸಿಯುತ್ತದೆ. ಹೆಚ್ಚಾದರೆ ಟೊಳ್ಳು ಮುಚ್ಚಿಹೋಗುತ್ತದೆ. ಇಲ್ಲಿ ಹದವೇ ಎಲ್ಲ.

ಟೊಳ್ಳು ಗೋಲಗಳಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಉತ್ತರಗಳು ಈಗಾಗಲೇ ಬಳಕೆಯಲ್ಲಿವೆ. ಕಾರ್ಬನ್ ಹಾಳೆ ಇಡದೆಯೇ ಕೆಳಗಿನ ಪ್ರತಿಗೆ ಅಕ್ಷರ ಮೂಡಿಸುವ ಬಿಲ್ ಪುಸ್ತಕದ ಕಾಗದದಲ್ಲಿ ಇರುವುದು ಬಣ್ಣದ ದ್ರವ ತುಂಬಿದ ಸೂಕ್ಷ್ಮ ಕೋಶಗಳೇ; 1950ರ ದಶಕದಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಆ ಕಾಗದದಲ್ಲಿ ಪೆನ್ನಿನ ಒತ್ತಡಕ್ಕೆ ಕೋಶ ಒಡೆದು ಬಣ್ಣ ಹೊರಬರುತ್ತದೆ. ಚಿತ್ರನಿರ್ದೇಶಕ ಜೇಮ್ಸ್ ಕ್ಯಾಮರಾನ್ 2012ರ ಮಾರ್ಚ್‌ನಲ್ಲಿ ಸಾಗರದ ಅತ್ಯಂತ ಆಳವಾದ ಮರಿಯಾನ ಕಂದಕಕ್ಕೆ ಒಬ್ಬರೇ ಇಳಿದಾಗ ಅವರ ಜಲಾಂತರ್ವಾಹನಕ್ಕೆ ತೇಲುವ ಶಕ್ತಿ ಕೊಟ್ಟದ್ದು ಗಾಜಿನ ಟೊಳ್ಳು ಸೂಕ್ಷ್ಮಗೋಲಗಳನ್ನು ಅಂಟಿನಲ್ಲಿ ಹುದುಗಿಸಿದ ವಸ್ತು. ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳ ಬೂದಿಯಲ್ಲಿಯೂ ಇಂತಹ ಗೋಲಗಳು ತಾವಾಗಿಯೇ ರೂಪುಗೊಂಡಿರುತ್ತವೆ. ಬೂದಿಕೊಳದ ನೀರಿನ ಮೇಲೆ ತೇಲುವ ಅವನ್ನು ಸಂಗ್ರಹಿಸಿ ಮಾರುತ್ತಾರೆ.

ಇವಾವುವೂ ವಿದ್ಯುತ್ತನ್ನು ಹರಿಸುವುದಿಲ್ಲ. ಗ್ರಾಫೀನ್ ಗೋಲಗಳ ವಿಶೇಷ ಅದೇ. ಹಗುರವಾಗಿದ್ದೂ ವಾಹಕವಾದ ವಸ್ತುವಿಗೆ ಬ್ಯಾಟರಿ ಮತ್ತು ಸೂಪರ್ ಕೆಪಾಸಿಟರ್‌ಗಳ ವಿದ್ಯುದ್ವಾರಗಳಲ್ಲಿ, ರೇಡಿಯೋ ತರಂಗಗಳನ್ನು ತಡೆಯುವ ಹೊದಿಕೆಗಳಲ್ಲಿ ಬೇಡಿಕೆಯ ಸಾಧ್ಯತೆ ಇದೆ. ಗೋಲದೊಳಗೆ ಮೇಣ ತುಂಬುವುದು ಇನ್ನೊಂದು ಆಲೋಚನೆ. ಒಂದು ಕಿಲೋ ಪ್ಯಾರಾಫಿನ್ ಮೇಣ ಕರಗುವಾಗ ಸುಮಾರು 200 ಕಿಲೋಜೂಲ್ ಶಾಖವನ್ನು ಹೀರಿಕೊಂಡು, ಮತ್ತೆ ಗಟ್ಟಿಯಾಗುವಾಗ ಬಿಟ್ಟುಕೊಡುತ್ತದೆ. ಹಗಲ ಬಿಸಿಲನ್ನು ಹೀರಿ ರಾತ್ರಿ ಬಿಡುವ ಗೋಡೆಗಳಿಗೆ ಇದು ಒದಗಬಹುದು. ಆದರೆ ಮೇಣದೊಳಗೆ ಶಾಖ ಬಲು ನಿಧಾನವಾಗಿ ಹರಿಯುತ್ತದೆ, ಕರಗಿದಾಗ ಸೋರುತ್ತದೆ. ಗ್ರಾಫೀನ್ ಕವಚ ಈ ಎರಡೂ ತೊಡಕುಗಳಿಗೆ ಒಮ್ಮೆಗೇ ಮದ್ದಾಗಬಲ್ಲದು.

ಚೀಲದಲ್ಲಿರುವುದು ಗ್ರಾಫೀನೇ?

ಇಷ್ಟೆಲ್ಲ ಇದ್ದೂ ಅನುಮಾನಗಳು ಉಳಿದಿವೆ. ಕುಲುಕಿ ಮಾಡಿದ ಹನಿಗಳು ಒಂದೇ ಗಾತ್ರದಲ್ಲಿರುವುದಿಲ್ಲ, ಆದ್ದರಿಂದ ಗೋಲಗಳೂ ಇರುವುದಿಲ್ಲ. ಪ್ರಯೋಗಾಲಯದ ಬಟ್ಟಲಿನಲ್ಲಿ ನಡೆದ ಶಬ್ದಾತೀತ ಕದಡಾಟವನ್ನು ಸಾವಿರ ಲೀಟರಿನ ತೊಟ್ಟಿಯಲ್ಲಿ ನಡೆಸುವುದು ಬೇರೆಯೇ ಮಾತು. ಹೆಪ್ಟೇನ್ ಸುಲಭವಾಗಿ ಹೊತ್ತಿಕೊಳ್ಳುವ ದ್ರವ. ಆವಿಯಾದದ್ದನ್ನು ಮತ್ತೆ ಹಿಡಿದು ಬಳಸದಿದ್ದರೆ ಆಮ್ಲವನ್ನು ತಪ್ಪಿಸಿದ ಪುಣ್ಯವೆಲ್ಲ ಅಲ್ಲಿಗೆ ಖರ್ಚು.

ಇನ್ನೊಂದು ಪ್ರಶ್ನೆ ನಂಬಿಕೆಯದು. 60 ಉತ್ಪಾದಕರು ಗ್ರಾಫೀನ್ ಎಂದು ಹೆಸರಿಟ್ಟು ಮಾರುತ್ತಿದ್ದ ಪುಡಿಯನ್ನು ಪರೀಕ್ಷಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರ ಮುಂದಾಳತ್ವದ ಆ ಅಧ್ಯಯನದಲ್ಲಿ ಬಹುತೇಕ ಮಾದರಿಗಳಲ್ಲಿ ಹತ್ತಕ್ಕಿಂತ ಕಡಿಮೆ ಪದರಗಳ ಹಾಳೆಗಳ ಪಾಲು ಶೇ 10ನ್ನೂ ಮುಟ್ಟಿರಲಿಲ್ಲ. ಉಳಿದದ್ದು ನುಣ್ಣಗೆ ಅರೆದ ಗ್ರಾಫೈಟ್ ಅಷ್ಟೆ. ಅಂತಹ ಪುಡಿಯನ್ನು ದುಬಾರಿ ಬೆಲೆಗೆ ಕೊಂಡು ವರ್ಷಗಟ್ಟಲೆ ಪ್ರಯೋಗ ಮಾಡಿ, ಫಲಿತಾಂಶ ಬರಲಿಲ್ಲವೆಂದು ಗ್ರಾಫೀನ್ ಅನ್ನೇ ದೂರಿದವರೂ ಇರಬಹುದು. ಅಗ್ಗದ ಗ್ರಾಫೈಟಿನಿಂದಲೇ ಆರಂಭಿಸಿ, ಹಾಳೆ ಬಿಡಿಸುವ ಕೆಲಸವನ್ನು ಗಡಿಗೆ ಒಪ್ಪಿಸುವ ಮಾರ್ಗಕ್ಕೆ ಈ ಹಿನ್ನೆಲೆಯಲ್ಲಿ ಹೆಚ್ಚಿನ ತೂಕವಿದೆ. ಕೊಳ್ಳುವವರು ಚೀಟಿಯನ್ನು ನಂಬಬೇಕಾಗಿಲ್ಲ; ಚೀಲದಲ್ಲಿರುವುದು ಗ್ರಾಫೈಟ್ ಎಂದೇ ಎಲ್ಲರಿಗೂ ಗೊತ್ತು.

ಮೂರನೆಯದು ಪರಿಸರದ ಪ್ರಶ್ನೆ. ಗ್ರಾಫೀನ್ ಗೋಲದ ಅಸ್ತರಿ ಪಾಲಿಸ್ಟೈರೀನ್‌ನದೋ ಅದರಂಥ ಇನ್ನಾವುದೋ ಪ್ಲಾಸ್ಟಿಕ್ಕಿನದೋ ಆಗಿದ್ದರೆ, ಆ ಗೋಲ ಎಷ್ಟೇ ಹೊಸ ವಿಜ್ಞಾನವಾದರೂ ಮೈಕ್ರೋಪ್ಲಾಸ್ಟಿಕ್ಕೇ. ಉದ್ದೇಶಪೂರ್ವಕವಾಗಿ ಸರಕುಗಳಿಗೆ ಬೆರೆಸುವ, 5 ಮಿಲಿಮೀಟರಿಗಿಂತ ಚಿಕ್ಕದಾದ ಪಾಲಿಮರ್ ಕಣಗಳ ಮೇಲೆ ಐರೋಪ್ಯ ಒಕ್ಕೂಟ 2023ರಲ್ಲಿ ನಿರ್ಬಂಧ ಹೇರಿತು. ಬಟ್ಟೆ ಒಗೆಯುವ ದ್ರವಗಳಲ್ಲಿ ಪರಿಮಳ ತುಂಬಿಡುವ ಸೂಕ್ಷ್ಮ ಕೋಶಗಳಿಗೂ ಅದು ಅನ್ವಯಿಸುತ್ತದೆ; ಪರ್ಯಾಯ ಹುಡುಕಲು ಅವುಗಳಿಗೆ 2029ರವರೆಗೆ ಗಡುವಿದೆ. ಕಾರ್ಖಾನೆಯೊಳಗಿನ ಬಳಕೆಗೆ ವಿನಾಯಿತಿ ಉಂಟು. ಬ್ಯಾಟರಿಯೊಳಗೆ ಬಿಗಿಯಾಗಿ ಮುಚ್ಚಿಟ್ಟ ಗೋಲಗಳಿಗೆ ಇದರಿಂದ ಅಂಥ ತೊಂದರೆ ಇಲ್ಲ. ಬಣ್ಣದಲ್ಲೋ ಲೇಪದಲ್ಲೋ ಬೆರೆತು ಮುಂದೊಂದು ದಿನ ಚರಂಡಿ ಸೇರುವ ಗೋಲಗಳ ಮಾತು ಬೇರೆ. ಅಂತಹ ಬಳಕೆಗೆ ಅಸ್ತರಿಯನ್ನು ಮಣ್ಣಿನಲ್ಲಿ ಕರಗುವ ಪಾಲಿಮರಿನಿಂದ ಕಟ್ಟಬೇಕು, ಇಲ್ಲವೇ ಗೋಲವನ್ನು ಕಾಯಿಸಿ ಅಸ್ತರಿಯನ್ನು ಪೂರ್ತಿ ಸುಟ್ಟು ಬರೀ ಇಂಗಾಲದ ಚಿಪ್ಪನ್ನು ಉಳಿಸಿಕೊಳ್ಳಬೇಕು. ಎರಡನೆಯದನ್ನು ಮಾಡಹೊರಟರೆ ಗಾರೆ ಹೋದ ಮೇಲೂ ಚಿಪ್ಪು ಕುಸಿಯದೆ ನಿಲ್ಲಬೇಕು. ಅದು ಗೋಡೆಯಲ್ಲಿ ಎಷ್ಟು ಪದರಗಳಿವೆ, ಹಾಳೆಗಳು ಎಷ್ಟು ಅಗಲವಾಗಿ ಒಂದರ ಮೇಲೊಂದು ಚಾಚಿಕೊಂಡಿವೆ ಎಂಬುದನ್ನು ಅವಲಂಬಿಸಿದೆ.